ಡಿಸ್ಕ್ ಜಾರಿದ ಸೊಂಟನೋವು: ಕಾಸರಗೋಡಿನ ಕಡೆಯಿಂದ ಪದೇ ಪದೇ ಬರುವ ಪ್ರಶ್ನೆಗಳು

ತೋಟದ ಕೆಲಸದವರು, ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು, ಮನೆ ಮತ್ತು ಹಟ್ಟಿ (ದನದ ಕೊಟ್ಟಿಗೆ) ಎರಡನ್ನೂ ನೋಡಿಕೊಳ್ಳುವ ಹೆಂಗಸರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇವೆ. ಬೇಕಾದ್ದನ್ನು ಮಾತ್ರ ಓದಿದರೂ ಸಾಕು. ಆದರೆ ಮೂರನೆಯ ಪ್ರಶ್ನೆಯನ್ನು ಯಾರೂ ಬಿಡಬಾರದು.

## ನೋವು ಶುರುವಾದಾಗ

ಡಿಸ್ಕ್ ಜಾರಿದೆ ಅಂದರು. ಒತ್ತಿ ಒಳಗೆ ಕೂರಿಸಲು ಆಗುವುದಿಲ್ಲವಾ?

ಆಗುವುದಿಲ್ಲ, ಏಕೆಂದರೆ ಡಿಸ್ಕ್ ತನ್ನ ಜಾಗ ಬಿಟ್ಟು ಹೋಗಿರುವುದಿಲ್ಲ. ಮೇಲಿನ ಮತ್ತು ಕೆಳಗಿನ ಎಲುಬಿಗೆ ಅದು ಬಿಗಿಯಾಗಿ ಅಂಟಿಕೊಂಡಿದೆ. ಹೊರಗಡೆ ನಾರಿನ ಉಂಗುರ, ಒಳಗಡೆ ನೀರಿನಂಶ ಹೆಚ್ಚಿರುವ ಮೆತ್ತನೆಯ ತಿರುಳು. ಉಂಗುರದ ಹಿಂಭಾಗ ಬಿರುಕುಬಿಟ್ಟು ತಿರುಳು ಹೊರಗೆ ಉಬ್ಬುತ್ತದೆ ಅಥವಾ ಹೊರಬರುತ್ತದೆ. ಅಲ್ಲೇ ಪಕ್ಕದಲ್ಲಿ ಕಾಲಿಗೆ ಹೋಗುವ ನರದ ಬುಡ ಇದೆ. ತಿರುಳು ಅದನ್ನು ಒತ್ತುವುದಷ್ಟೇ ಅಲ್ಲ, ಅದರಲ್ಲಿರುವ ರಾಸಾಯನಿಕಗಳಿಂದ ನರ ಕೆರಳಿ ಊದಿಕೊಳ್ಳುತ್ತದೆ. ಹೀಗಾಗಿ ಸಣ್ಣ ಉಬ್ಬು ಕೂಡ ದೊಡ್ಡ ನೋವು ಕೊಡಬಹುದು. ಸೊಂಟದ ಐದು ಡಿಸ್ಕ್‌ಗಳಲ್ಲಿ ಕೆಳಗಿನ ಎರಡು, ಅಂದರೆ ಎಲ್4-ಎಲ್5 ಮತ್ತು ಎಲ್5-ಎಸ್1 (ಎಲ್ ಅಂದರೆ ಸೊಂಟದ ಎಲುಬು, ಎಸ್ ಅಂದರೆ ಅದರ ಕೆಳಗಿನ ತ್ರಿಕಾಸ್ಥಿ, ಅಂಕೆ ಮೇಲಿನಿಂದ ಎಣಿಸಿದ್ದು), ಬಹುಪಾಲು ತೊಂದರೆಗೆ ಕಾರಣ.

ಹೊರಬಂದ ತಿರುಳನ್ನು ದೇಹವೇ ನಿಧಾನವಾಗಿ ಕರಗಿಸುತ್ತದೆ. ವಿಚಿತ್ರವೆಂದರೆ ಪೂರ್ತಿ ಹೊರಬಂದ ದೊಡ್ಡ ತುಂಡು ಸಣ್ಣ ಉಬ್ಬಿಗಿಂತ ಚೆನ್ನಾಗಿ ಕರಗುತ್ತದೆ. ಹೆಚ್ಚಿನವರ ಕಾಲುನೋವು 6ರಿಂದ 12 ವಾರಗಳಲ್ಲಿ ಆಪರೇಶನ್ ಇಲ್ಲದೆ ಗಮನಾರ್ಹವಾಗಿ ಇಳಿಯುತ್ತದೆ.

ಡಿಸ್ಕ್ ಇರುವುದು ಸೊಂಟದಲ್ಲಿ. ಕಾಲೇ ಯಾಕೆ ಹೆಚ್ಚು ನೋಯುವುದು?

ನೋವು ನರದ ದಾರಿಯಲ್ಲಿ ಇಳಿಯುತ್ತದೆ. ಎಲ್5 ನರವಾದರೆ ಪೃಷ್ಠದಿಂದ ತೊಡೆಯ ಹೊರಬದಿ, ಮೊಣಕಾಲ ಕೆಳಗಿನ ಹೊರಬದಿ, ಪಾದದ ಮೇಲ್ಭಾಗ ಹಾದು ಹೆಬ್ಬೆರಳಿನ ತನಕ. ಎಸ್1 ಆದರೆ ತೊಡೆಯ ಹಿಂಬದಿ, ಮೀನಖಂಡ, ಹಿಮ್ಮಡಿ, ಕಿರುಬೆರಳಿನ ಬದಿ. ಕೆಮ್ಮಿದಾಗ, ಸೀನಿದಾಗ, ಪಾಯಿಖಾನೆಯಲ್ಲಿ ಮುಕ್ಕಿದಾಗ ಕಾಲಿಗೆ ಸಿಡಿಲು ಹೊಡೆದಂತಾದರೆ ನರದ ಮೇಲೆ ಒತ್ತಡ ಇರುವ ಸಾಧ್ಯತೆ ಹೆಚ್ಚು.

ನೋವಿಗಿಂತ ಬಲವನ್ನು ಗಮನಿಸಿ. ದಿನಕ್ಕೊಮ್ಮೆ ಗೋಡೆ ಹಿಡಿದು ಎರಡು ಪರೀಕ್ಷೆ ಮಾಡಿಕೊಳ್ಳಿ: ಬರೀ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯುವುದು, ಒಂಟಿ ಕಾಲಿನ ತುದಿಬೆರಳಲ್ಲಿ ಹತ್ತು ಸಲ ಏಳುವುದು. ನೋವಿರುವ ಕಾಲಿನ ಪಾದ ಎತ್ತಲಾಗದಿದ್ದರೆ ಅಥವಾ ಚಪ್ಪಲಿ ತಾನಾಗಿ ಕಳಚಿ ಬೀಳುತ್ತಿದ್ದರೆ ನರ ಸೋಲುತ್ತಿದೆ ಎಂದರ್ಥ. ಅದೇ ನೋವು ಪಾದದಿಂದ ಮೇಲಕ್ಕೆ ಸರಿದು ಪೃಷ್ಠದಲ್ಲಿ ನಿಂತರೆ, ಅಲ್ಲಿ ಸ್ವಲ್ಪ ಜಾಸ್ತಿ ಅನ್ನಿಸಿದರೂ, ಅದು ಒಳ್ಳೆಯ ಲಕ್ಷಣ.

ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ್ದು ಯಾವಾಗ?

ಮೂತ್ರ ಕಟ್ಟಿದರೆ, ಅಥವಾ ಚೀಲ ತುಂಬಿದರೂ ಗೊತ್ತಾಗದೆ ತೊಟ್ಟಿಕ್ಕಿದರೆ. ಮಲದ ಹಿಡಿತ ತಪ್ಪಿದರೆ. ಗುದ, ಜನನಾಂಗ, ತೊಡೆಯ ಒಳಬದಿ, ಅಂದರೆ ಸೈಕಲ್ ಸೀಟಿಗೆ ತಾಗುವ ಜಾಗ, ಜೋಮು ಹಿಡಿದು ಒರೆಸಿದ್ದು ತಿಳಿಯದಿದ್ದರೆ. ಎರಡೂ ಕಾಲು ಒಟ್ಟಿಗೆ ಸೋಲುತ್ತಿದ್ದರೆ. ಇವುಗಳಲ್ಲಿ ಒಂದು ಇದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಬೆನ್ನುಹುರಿಯ ಕೊನೆಯ ನರಗುಚ್ಛ ಒತ್ತಿದೆ ಎಂದು ಖಚಿತವಾದರೆ ಆದಷ್ಟು ಬೇಗ, ಸಾಮಾನ್ಯವಾಗಿ 48 ಗಂಟೆಯೊಳಗೆ, ಆಪರೇಶನ್ ಆಗಬೇಕು. ತಡವಾದರೆ ಮೂತ್ರದ ತೊಂದರೆ ಜೀವನಪೂರ್ತಿ ಉಳಿಯಬಹುದು. ನಾಚಿಕೆಯಿಂದ ಈ ಲಕ್ಷಣಗಳನ್ನು ಹೇಳದೆ ಬರೀ ಸೊಂಟನೋವು ಅಂದರೆ ಹೊರರೋಗಿ ಸಾಲಿನಲ್ಲೇ ಕೂರಿಸುತ್ತಾರೆ.

ಪಾದ ಮಾತ್ರ ಸೋತಿದ್ದರೆ ಮರುದಿನವೇ ತೋರಿಸಿ. ಬಿದ್ದ ನಂತರದ ನೋವು, ಕ್ಯಾನ್ಸರ್ ಇದ್ದವರ ಹೊಸ ನೋವು, ತೂಕ ಇಳಿಯುತ್ತಾ ರಾತ್ರಿ ಬಿಡದ ನೋವು ಇವೂ ಬೇಗ ತೋರಿಸಬೇಕಾದವು. ಬೆನ್ನೆಲುಬಿನ ಕ್ಷಯ ನಮ್ಮಲ್ಲಿ ಅಪರೂಪವಲ್ಲ.

ಮಳೆಗಾಲದಲ್ಲಿ ಜ್ವರದ ಜೊತೆ ಸೊಂಟ, ಮೀನಖಂಡ ಎರಡೂ ನೋಯುತ್ತದೆ. ಹಳೆ ಡಿಸ್ಕೇ ಕೆರಳಿದ್ದಾ?

ಡಿಸ್ಕ್ ಜ್ವರ ಬರಿಸುವುದಿಲ್ಲ. ಚಂಡಿ (ಒದ್ದೆ) ತೋಟ, ಗದ್ದೆ, ಹಟ್ಟಿಯಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಇದೇ ರೂಪದಲ್ಲಿ ಬರುತ್ತದೆ. ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು. ಡೆಂಗಿಯೂ ಆಗಿರಬಹುದು. ಹಳೆ ಚೀಟಿಯ ನೋವಿನ ಮಾತ್ರೆ ನುಂಗುವುದು ಇಲ್ಲಿ ಅಪಾಯ: ಇಲಿಜ್ವರದಲ್ಲಿ ಮೂತ್ರಪಿಂಡಕ್ಕೆ, ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿಯಾಗುತ್ತದೆ. ಅದೇ ದಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಒಂದು ತಿಂಗಳು ಮಲಗಿಯೇ ಇರಬೇಕು ಅಂತ ಮನೆಯಲ್ಲಿ ಹೇಳುತ್ತಾರೆ. ಸರಿಯಾ?

ಹಿಂದೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ತೀರಾ ತಡೆಯಲಾಗದಿದ್ದರೆ ಒಂದೆರಡು ದಿನ ಸಾಕು, ಅದೂ ಗಂಟೆಗೊಮ್ಮೆ ಎದ್ದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುತ್ತಾ. ಅದಕ್ಕಿಂತ ಹೆಚ್ಚು ಮಲಗಿದರೆ ಬೆನ್ನಿನ ಸ್ನಾಯು ಸೊರಗುತ್ತದೆ, ಮಲ ಕಟ್ಟುತ್ತದೆ, ಏಳುವ ಧೈರ್ಯ ಕುಗ್ಗುತ್ತದೆ.

ಕೂಡಲೇ ಎಂ.ಆರ್.ಐ. ಮಾಡಿಸಬೇಕಾ? ರಿಪೋರ್ಟಿನಲ್ಲಿ ಮೂರು ಡಿಸ್ಕ್ ಹಾಳಾಗಿದೆ ಅಂತ ಬರೆದಿದ್ದಾರೆ.

ಮೂರನೆಯ ಪ್ರಶ್ನೆಯ ಲಕ್ಷಣಗಳಿದ್ದರೆ ಕೂಡಲೇ ಬೇಕು. ಇಲ್ಲದಿದ್ದರೆ ಆರು ವಾರದ ಚಿಕಿತ್ಸೆಯಲ್ಲಿ ಇಳಿಯದಿದ್ದಾಗ, ಅಥವಾ ಇಂಜೆಕ್ಷನ್, ಆಪರೇಶನ್ ಯೋಚಿಸುವಾಗ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದಿಲ್ಲ. ಅದು ಎಲುಬಿನ ಮುರಿತ, ಸವೆತ ನೋಡಲು ಮಾತ್ರ.

ನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ 20ರ ಹರೆಯದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ, 80 ದಾಟಿದವರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಡಿಸ್ಕ್ ಉಬ್ಬು ಕಾಣುತ್ತದೆ. ‘ಬಲ್ಜ್’ (ಉಬ್ಬು), ‘ಡಿಜೆನರೇಶನ್’ (ಸವೆತ), ‘ಥೀಕಲ್ ಸ್ಯಾಕ್ ಇಂಡೆಂಟೇಶನ್’ (ನರಗಳ ಚೀಲಕ್ಕೆ ತುಸು ಒತ್ತು) ಎಂಬ ಪದಗಳು ಹೆಚ್ಚಾಗಿ ವಯಸ್ಸಿನ ಗುರುತು. ‘ಎಕ್ಸ್‌ಟ್ರೂಶನ್’, ‘ಸೀಕ್ವೆಸ್ಟ್ರೇಶನ್’ ಎಂದರೆ ತಿರುಳು ಹೊರಬಂದಿದೆ. ಯಾವುದೇ ಆದರೂ ಕೇಳಬೇಕಾದ ಪ್ರಶ್ನೆ ಒಂದೇ: ರಿಪೋರ್ಟಿನಲ್ಲಿ ಹೇಳಿದ ಬದಿ ಮತ್ತು ನರ, ನಿಮ್ಮ ನೋವಿನ ಕಾಲು ಮತ್ತು ದಾರಿ ಹೊಂದುತ್ತವೆಯೇ? ಎಡಗಾಲು ನೋಯುವಾಗ ಬಲಬದಿಯ ಉಬ್ಬಿಗೆ ಚಿಕಿತ್ಸೆ ಮಾಡಿ ಪ್ರಯೋಜನವಿಲ್ಲ.

## ಮನೆ, ಹಟ್ಟಿ, ತೋಟ

ನೆಲದಲ್ಲಿ ಚಾಪೆ ಹಾಕಿ ಮಲಗಿದರೆ ಒಳ್ಳೆಯದಾ?

ಬೇಕಿಲ್ಲ. ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲು. ನೆಲದಿಂದ ಏಳುವಾಗ ಸೊಂಟಕ್ಕೆ ಬೀಳುವ ಶ್ರಮವೇ ಹೆಚ್ಚು. ಮಗ್ಗುಲಾದರೆ ಮೊಣಕಾಲುಗಳ ನಡುವೆ ಒಂದು ತಲೆದಿಂಬು, ಅಂಗಾತವಾದರೆ ಮೊಣಕಾಲ ಕೆಳಗೆ ಎರಡು. ಏಳುವಾಗ ನೇರ ಎದ್ದು ಕೂರಬೇಡಿ. ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳಿ.

ಬೆಳಿಗ್ಗೆ ಹಟ್ಟಿಗೆ ಹೋಗಿ ಬಾಗಿದ ಕೂಡಲೇ ಹಿಡಿಯುತ್ತದೆ. ಮಧ್ಯಾಹ್ನ ಅಷ್ಟಿಲ್ಲ. ಯಾಕೆ?

ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬುತ್ತದೆ. ಬೆಳಿಗ್ಗೆ ಒಳಗಿನ ಒತ್ತಡ ಹೆಚ್ಚು, ಬಾಗಿದರೆ ಹಿಂಬದಿಯ ನಾರಿನ ಮೇಲೆ ಎಳೆತವೂ ಹೆಚ್ಚು. ಎದ್ದ ಮೊದಲ ಒಂದು ಗಂಟೆ ಬಾಗುವ ಕೆಲಸ ಮಾಡಬೇಡಿ. ಚಾ, ಅಡುಗೆ, ನಡಿಗೆ ಮೊದಲು, ಸೆಗಣಿ ಬಾಚುವುದು ನಂತರ. ಹಾಲು ಕರೆಯುವ ಹೊತ್ತು ತಪ್ಪಿಸಲಾಗದಿದ್ದರೆ ಕುಕ್ಕರುಗಾಲಲ್ಲಿ ಕೂರದೆ ಒಂದಡಿ ಎತ್ತರದ ಸ್ಟೂಲಿನಲ್ಲಿ ಕುಳಿತು, ಹಸುವಿನ ಹತ್ತಿರ ಸರಿದು ಕರೆಯಿರಿ. ದೂರ ಕುಳಿತು ಕೈಚಾಚಿದಷ್ಟೂ ಸೊಂಟ ಬಾಗುತ್ತದೆ.

ಅಡಿಕೆ ಹೆಕ್ಕುವುದು, ಅಂಗಳ ಗುಡಿಸುವುದು ಬಿಟ್ಟರೆ ನಡೆಯುವುದಿಲ್ಲ. ಹೇಗೆ ಮಾಡುವುದು?

ಕೊಯ್ಲಿನ ಸಮಯದಲ್ಲಿ ನೋವು ಮರುಕಳಿಸುವುದು ಹೆಚ್ಚಾಗಿ ಒಮ್ಮೆ ಎತ್ತಿದ ಭಾರದಿಂದಲ್ಲ. ಕಾಲು ನೇರ ಇಟ್ಟು, ಬೆನ್ನು ಗೂನಿಸಿ, ಗಂಟೆಗಟ್ಟಲೆ ನೂರಾರು ಸಲ ಬಾಗುವುದರಿಂದ. ಹೆಕ್ಕುವಾಗ ಒಂದು ಮೊಣಕಾಲೂರಿ, ಕೈಗೆಟಕುವ ವೃತ್ತದಲ್ಲಿರುವುದನ್ನೆಲ್ಲ ಹೆಕ್ಕಿ, ಎದ್ದು, ಮುಂದಿನ ಜಾಗದಲ್ಲಿ ಇನ್ನೊಂದು ಮೊಣಕಾಲೂರಿ. ಮೊಣಕಾಲಿಗೆ ಹಳೆ ಗೋಣಿ ಮಡಚಿ ಕಟ್ಟಿ. ಮಂಡಿನೋವಿದ್ದವರು ಒಂದು ಕೈಯನ್ನು ತೊಡೆಗೂರಿ, ಇನ್ನೊಂದು ಕಾಲು ಹಿಂದಕ್ಕೆ ಎತ್ತಿ ಬಾಗಬಹುದು. ಬೆನ್ನು ಹಲಗೆಯಂತೆ ನೇರ ಉಳಿಯುತ್ತದೆ. ಬುಟ್ಟಿ ತುಂಬುವ ತನಕ ಕಾಯದೆ ಅರ್ಧಕ್ಕೇ ಸುರಿಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು, ಅಂಗೈಗಳನ್ನು ಸೊಂಟಕ್ಕಿಟ್ಟು ಐದು ಸಲ ಹಿಂದಕ್ಕೆ ಬಾಗಿ. ಬೇರೇನೂ ಮಾಡದಿದ್ದರೂ ಇದೊಂದನ್ನು ಬಿಡಬೇಡಿ.

ಕಡ್ಡಿ ಹಿಡಿಸೂಡಿಗೆ ನಾಲ್ಕಡಿ ಬಿದಿರಿನ ಹಿಡಿ ಕಟ್ಟಿದರೆ ನೆಟ್ಟಗೆ ನಿಂತು ಗುಡಿಸಬಹುದು. ಖರ್ಚಿಲ್ಲದ ಈ ಬದಲಾವಣೆಯನ್ನು ಮಾಡಿಕೊಂಡವರು ಕಡಿಮೆ. ಅಡಿಕೆ ಸುಲಿಯುವುದಾದರೆ ನೆಲ ಬಿಟ್ಟು ಎತ್ತರದ ಮಣೆಯಲ್ಲಿ ಕುಳಿತು, ಸುಲಿಯದ ರಾಶಿಯನ್ನು ಒಂದು ಬದಿಗೂ ಸುಲಿದದ್ದನ್ನು ಬೆನ್ನ ಹಿಂದೆಯೂ ಇಡಬೇಡಿ. ಎರಡೂ ಮುಂದೆಯೇ ಇರಲಿ, ತಿರುಚುವುದು ತಪ್ಪುತ್ತದೆ. ದೋಟಿಯಲ್ಲಿ (ತುದಿಗೆ ಕೊಕ್ಕೆ ಇರುವ ಉದ್ದ ಕೋಲು) ಕೊಯ್ಯುವಾಗ ಕೊಕ್ಕೆ ಸಿಕ್ಕಿಕೊಂಡರೆ ಸೊಂಟ ತಿರುಚಿ ಜಗ್ಗುವುದೇ ಅಪಾಯ. ಪಾದ ತಿರುಗಿಸಿ, ಗೊನೆಗೆ ಎದುರಾಗಿ ನಿಂತು ಎಳೆಯಿರಿ.

ಬೀಡಿ ಕಟ್ಟುವಾಗ ಹೇಗೆ ಕೂರಬೇಕು?

ಗೋಡೆಗೆ ಬೆನ್ನು ತಾಗಿಸಿ, ಪೃಷ್ಠದ ಕೆಳಗೆ ನಾಲ್ಕು ಬೆರಳು ದಪ್ಪದ ಮಡಚಿದ ಕಂಬಳಿ, ಸೊಂಟದ ಹಿಂದೆ ಸುತ್ತಿದ ಟವೆಲ್. ಮಡಿಲಲ್ಲಿ ತಲೆದಿಂಬಿಟ್ಟು ಅದರ ಮೇಲೆ ತಡ್ಪೆ (ಮೊರ) ಇಟ್ಟರೆ ತಲೆ ಬಗ್ಗಿಸುವುದು ಕಡಿಮೆಯಾಗುತ್ತದೆ. ಕಾಲು ನೇರ ಚಾಚಿ ಕೂರುವುದು ನರವನ್ನು ಎಳೆಯುವುದರಿಂದ ಕಾಲುನೋವಿದ್ದವರಿಗೆ ಒಗ್ಗುವುದಿಲ್ಲ. ಕುರ್ಚಿ, ಸಣ್ಣ ಮೇಜು ಇದ್ದರೆ ಇನ್ನೂ ಒಳ್ಳೆಯದು. ಅರ್ಧ ಗಂಟೆಗೊಮ್ಮೆ ಏಳಲೇಬೇಕು. ಎಷ್ಟು ಚೆನ್ನಾಗಿ ಕುಳಿತರೂ ಅದಕ್ಕಿಂತ ಹೆಚ್ಚು ಹೊತ್ತು ಒಂದೇ ಭಂಗಿ ಸಲ್ಲದು.

ಎಷ್ಟು ಭಾರ ಎತ್ತಬಹುದು?

ಕಾಲುನೋವು ಜೋರಿರುವಾಗ 5 ಕಿಲೋ ದಾಟಬೇಡಿ. ಇಳಿದ ಮೇಲೆ ಎರಡು ವಾರಕ್ಕೊಮ್ಮೆ ಎರಡು-ಮೂರು ಕಿಲೋ ಏರಿಸಿ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ, ಸಿಮೆಂಟ್ ಚೀಲ 50. ಮೊದಲನೆಯದನ್ನು ಉರುಳಿಸಿ, ಎರಡನೆಯದನ್ನು ಇಬ್ಬರು ಹಿಡಿಯಿರಿ. ಬಾವಿಯ ನೀರನ್ನು ಒಂದೇ ಕೊಡದಲ್ಲಿ ಒಂದು ಬದಿಯ ಸೊಂಟಕ್ಕಿಡುವ ಬದಲು ಎರಡು ಕೈಗೆ ಎರಡು ಅರ್ಧ ಬಕೆಟ್. ಮುರಕಲ್ಲನ್ನು (ಮನೆ ಕಟ್ಟುವ ಕೆಂಪುಕಲ್ಲು) ಎದೆಗೆ ತಾಗಿಸಿ ಹಿಡಿದರೆ ಆಗುವ ಹೊರೆಗೂ ಕೈಚಾಚಿ ಹಿಡಿದರೆ ಆಗುವ ಹೊರೆಗೂ ಹಲವು ಪಟ್ಟು ವ್ಯತ್ಯಾಸ.

ಬಸ್ಸು, ರಿಕ್ಷಾ, ಸ್ಕೂಟರ್?

ಬಸ್ಸಿನಲ್ಲಿ ನಡುಭಾಗದ ಸೀಟು. ಕೊನೆಯ ಸಾಲು ಹಿಂಚಕ್ರದಿಂದಾಚೆ ಇರುವುದರಿಂದ ಎತ್ತಿ ಹಾಕುತ್ತದೆ. ಸ್ಕೂಟರಿನಲ್ಲಿ ಹಂಪ್ ಕಂಡಾಗ ಪೃಷ್ಠ ಸ್ವಲ್ಪ ಎತ್ತಿ. ರಿಕ್ಷಾದವರು ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟು, ಪ್ರತಿ ಬಾಡಿಗೆ ಮುಗಿದಾಗ ಇಳಿದು ನಿಂತರೆ ಸಾಕಷ್ಟು ವ್ಯತ್ಯಾಸ.

ಬೆಲ್ಟ್ ಹಾಕಿಯೇ ಇರಬೇಕಾ?

ಕೆಲಸದ ಹೊತ್ತಿನಲ್ಲಿ ಒಂದೆರಡು ಗಂಟೆ, ಕೆಲವು ವಾರ. ಅದು ಡಿಸ್ಕನ್ನು ಕೂರಿಸುವುದಿಲ್ಲ, ಬಾಗಬೇಡ ಎಂದು ನೆನಪಿಸುತ್ತದೆ ಅಷ್ಟೆ. ಮಲಗುವಾಗ ಬೇಡ.

## ವ್ಯಾಯಾಮ, ಮದ್ದು

ಯಾವ ವ್ಯಾಯಾಮ? ಯೂಟ್ಯೂಬಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಎಲ್ಲರಿಗೂ ಒಂದೇ ವ್ಯಾಯಾಮ ಇಲ್ಲ, ಆದರೆ ಎಲ್ಲರಿಗೂ ಒಂದೇ ಅಳತೆಗೋಲು ಇದೆ. ಮಾಡಿದ ಮೇಲೆ ನೋವು ಪಾದದಿಂದ ಸೊಂಟದ ಕಡೆ ಸರಿದರೆ ಮುಂದುವರಿಸಿ, ಸೊಂಟದಿಂದ ಪಾದದ ಕಡೆ ಇಳಿದರೆ ನಿಲ್ಲಿಸಿ.

ಮೊದಲು ಬೋರಲು ಮಲಗಿ ಎರಡು ನಿಮಿಷ. ನಂತರ ಮೊಣಕೈಯೂರಿ ಎರಡು ನಿಮಿಷ. ಅದು ಒಗ್ಗಿದರೆ ಅಂಗೈಯೂರಿ, ಸೊಂಟ ನೆಲ ಬಿಡದಂತೆ ಎದೆ ಮೇಲೆತ್ತಿ ಇಳಿಸುವುದು, ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ವಯಸ್ಸಾದವರಲ್ಲಿ ನಡೆದರೆ ಕಾಲು ನೋವು, ಬಾಗಿ ಕುಳಿತರೆ ಸುಖ ಎಂಬಂತಿದ್ದರೆ ನರದ ಕಾಲುವೆ ಕಿರಿದಾಗಿರಬಹುದು. ಅವರಿಗೆ ಈ ಹಿಂದಕ್ಕೆ ಬಾಗುವ ವ್ಯಾಯಾಮ ಆಗದು.

ಎರಡು ವಾರದ ನಂತರ ಬಲ ಬರಿಸುವ ವ್ಯಾಯಾಮ: ನಾಲ್ಕುಗಾಲಾಗಿ ನಿಂತು ಬಲಗೈ-ಎಡಗಾಲು ಚಾಚಿ 8-10 ಸೆಕೆಂಡು ಹಿಡಿಯುವುದು, ಬದಿಗೆ ಆರು ಸಲ. ಅಂಗಾತ ಮಲಗಿ ಮೊಣಕಾಲು ಮಡಚಿ ಪೃಷ್ಠ ಎತ್ತುವುದು, ಹತ್ತರಂತೆ ಎರಡು ಸರದಿ. ಜೊತೆಗೆ ನಡಿಗೆ: ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ಶುರುಮಾಡಿ, ವಾರಕ್ಕೆ ಐದು ನಿಮಿಷ ಕೂಡಿಸುತ್ತಾ ಒಂದೇ ಹಿಡಿತಕ್ಕೆ ಅರ್ಧ ಗಂಟೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ಬೇಡ, ಜಗಲಿಯುದ್ದಕ್ಕೆ ನಡೆಯಿರಿ. ಕಾಲುಬೆರಳು ಮುಟ್ಟುವುದು, ಸಿಟ್-ಅಪ್, ಎರಡೂ ಕಾಲು ನೇರ ಎತ್ತುವುದು, ಸೂರ್ಯನಮಸ್ಕಾರದ ಮುಂಬಾಗುವ ಹಂತಗಳು ಕಾಲುನೋವು ಪೂರ್ತಿ ಹೋಗುವ ತನಕ ಬೇಡ.

ಮಾತ್ರೆ ಎಷ್ಟು ದಿನ ತಿನ್ನುವುದು?

ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯವು ಊಟದ ನಂತರ, ಕಡಿಮೆ ದಿನ. ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ತೊಂದರೆ, ಬಿ.ಪಿ. ಮಾತ್ರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಕುಡಿಯುವವರು ಮತ್ತು ಸಪೂರ ದೇಹದವರು ಅಷ್ಟಕ್ಕೂ ಹೋಗಬಾರದು. ನರದ ನೋವಿಗೆಂದು ಕೊಡುವ ಪ್ರಿಗಾಬಲಿನ್ ಡಿಸ್ಕಿನ ಕಾಲುನೋವಿಗೆ ಹೆಚ್ಚು ಉಪಯೋಗವಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕಂಡುಬಂದಿದೆ. ಆದರೂ ಚೀಟಿಗಳಲ್ಲಿ ಧಾರಾಳವಾಗಿ ಬರುತ್ತದೆ. ಅದರಿಂದ ತೂಕಡಿಕೆ, ತಲೆಸುತ್ತು. ಅಡಿಕೆ ಮರ ಹತ್ತುವವರಿಗೆ, ರಿಕ್ಷಾದವರಿಗೆ ನೇರ ಅಪಾಯ. ಬಿಡುವುದಾದರೆ ಒಮ್ಮೆಗೇ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ. ಟ್ರಮಡಾಲ್ ಮಲಬದ್ಧತೆ ತರುತ್ತದೆ, ಮುಕ್ಕಿದರೆ ನೋವು ಏರುತ್ತದೆ. ಹೆಸರಿಲ್ಲದ ಪೊಟ್ಟಣದ ಮಾತ್ರೆಯಲ್ಲಿ ಸ್ಟೀರಾಯ್ಡ್ ಇರಬಹುದು, ತಿನ್ನಬೇಡಿ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆಯುರ್ವೇದ ಮಾಡಿಸಿದರೆ ಪೂರ್ತಿ ಹೋಗುತ್ತದಾ?

ಬೆಚ್ಚಗಿನ ಎಣ್ಣೆ, ಕಿಳಿ (ಮದ್ದಿನ ಗಂಟಿನ ಶಾಖ), ಕಟಿವಸ್ತಿಯಿಂದ (ಸೊಂಟದ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸುವುದು) ಬಿಗಿದ ಸ್ನಾಯು ಸಡಿಲವಾಗಿ ಹಿತವಾಗುತ್ತದೆ. ಚಿಕಿತ್ಸೆಯ ದಿನಗಳಲ್ಲಿ ಸಿಗುವ ವಿಶ್ರಾಂತಿಯದ್ದೂ ಪಾಲಿದೆ. ಹೊರಬಂದ ತಿರುಳನ್ನು ಅದು ಎಳೆದು ತರುವುದಿಲ್ಲ. ಮೂರು ಎಚ್ಚರ: ಜೋಮು ಹಿಡಿದ ಚರ್ಮಕ್ಕೆ ಬಿಸಿ ತಿಳಿಯದು, ಸುಟ್ಟ ಗಾಯ ಆಗುತ್ತದೆ, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು. ಬೆನ್ನು ತುಳಿಯುವುದು, ಜಗ್ಗಿ ‘ಟಕ್’ ಅನ್ನಿಸುವುದು ಕಾಲಿನ ಬಲ ಕಡಿಮೆಯಾದವರಿಗೆ ಕೂಡದು. ಚಿಕಿತ್ಸೆಯ ನಡುವೆ ಪಾದ ಸೋತರೆ ಕೋರ್ಸ್ ಮುಗಿಯಲಿ ಎಂದು ಕಾಯಬಾರದು.

ಕೇಳಲು ನಾಚಿಕೆ: ಗಂಡ-ಹೆಂಡತಿ ಸಂಬಂಧ ಬಿಡಬೇಕಾ?

ಬಿಡಬೇಕಿಲ್ಲ. ನೋವಿರುವವರು ಕೆಳಗೆ, ಸೊಂಟದಡಿ ಸಣ್ಣ ದಿಂಬು, ಅಥವಾ ಇಬ್ಬರೂ ಮಗ್ಗುಲಾಗಿ. ಹೊಸದಾಗಿ ಜನನಾಂಗದ ಸ್ಪರ್ಶಜ್ಞಾನ ಕಡಿಮೆಯಾದರೆ ಅದು ಮೂರನೆಯ ಪ್ರಶ್ನೆಯ ವಿಷಯ.

## ತಿಂಗಳುಗಳಾದರೂ ಬಿಡದಿದ್ದರೆ

ಕಾಲುನೋವು ಹೋಯಿತು, ಸೊಂಟನೋವು ವರ್ಷದಿಂದ ಇದೆ. ಡಿಸ್ಕ್ ಇನ್ನೂ ಕೂತಿಲ್ಲವಾ?

ಮೂರು ತಿಂಗಳು ದಾಟಿದ ನೋವಿಗೆ ಡಿಸ್ಕ್ ಒಂದೇ ಕಾರಣವಾಗಿರುವುದು ಕಡಿಮೆ. ಸೊರಗಿದ ಸ್ನಾಯು, ಕೆಟ್ಟ ನಿದ್ದೆ, ಬಾಗಲು ಹೆದರಿಕೆ, ಸಾಲದ ಚಿಂತೆ, ನೋವಿಗೆ ಅತಿಸೂಕ್ಷ್ಮವಾದ ನರಮಂಡಲ ಎಲ್ಲ ಸೇರಿರುತ್ತವೆ. ನೋವು ಸುಳ್ಳು ಎಂದಲ್ಲ. ಒಳ್ಳೆಯ ದಿನ ಎರಡು ದಿನದ ಕೆಲಸ ಮಾಡಿ, ಮರುದಿನ ಮಲಗುವುದೇ ಇಲ್ಲಿ ದೊಡ್ಡ ಶತ್ರು. ಕೆಲಸವನ್ನು ನೋವು ನೋಡಿ ನಿಲ್ಲಿಸದೆ ಗಡಿಯಾರ ನೋಡಿ ನಿಲ್ಲಿಸಿ: ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ಬಿಡುವು, ಒಳ್ಳೆಯ ದಿನವೂ ಅಷ್ಟೇ. ವಾರಕ್ಕೆ ಹತ್ತರಲ್ಲಿ ಒಂದು ಪಾಲು ಏರಿಸಿ. ಬೀಡಿ, ಸಿಗರೇಟು ಡಿಸ್ಕಿಗೆ ಪೋಷಣೆ ತಲುಪುವುದನ್ನು ಕುಂದಿಸುತ್ತದೆ, ಬಿಡಿ. ಎರಡೂ ಪಾದ ಉರಿಯುತ್ತಿದ್ದರೆ ಸಕ್ಕರೆ ಮತ್ತು ಬಿ12 ಪರೀಕ್ಷಿಸಿ. ಡಿಸ್ಕಿನ ಹೆಸರಲ್ಲಿ ಅವು ತಪ್ಪಿಹೋಗುತ್ತವೆ.

ಬೆನ್ನಿಗೆ ಇಂಜೆಕ್ಷನ್ ಕೊಡಿಸಬಹುದಾ?

ನರದ ಬುಡದ ಹತ್ತಿರ ಸ್ಟೀರಾಯ್ಡ್ ಹಾಕುವ ಇಂಜೆಕ್ಷನ್ ಕಾಲುನೋವಿಗೆ ಕೆಲವು ವಾರ ಆರಾಮ ಕೊಡಬಹುದು, ಬರೀ ಸೊಂಟನೋವಿಗೆ ಲಾಭ ಕಡಿಮೆ. ಎಕ್ಸ್‌ರೇ ಪರದೆ ನೋಡುತ್ತಾ ಹಾಕುವಲ್ಲೇ ಮಾಡಿಸಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ಸಕ್ಕರೆ ಕೆಲವು ದಿನ ಏರುತ್ತದೆ. ಸಿಕ್ಕಿದ ಆರಾಮದಲ್ಲಿ ವ್ಯಾಯಾಮ ಶುರುಮಾಡದಿದ್ದರೆ ಹಣ ದಂಡ.

ಆಪರೇಶನ್ ಮಾಡಿದರೆ ಕಾಲು ಹೋಗುತ್ತದೆ ಅಂತಾರೆ. ನಿಜವಾ?

ಸೂಕ್ಷ್ಮದರ್ಶಕದಡಿ ನರವನ್ನು ಒತ್ತುವ ತುಂಡನ್ನಷ್ಟೇ ತೆಗೆಯುವ ಆಪರೇಶನ್‌ನಲ್ಲಿ ಕಾಲು ಹೋಗುವುದು ಬಹಳ ಅಪರೂಪ. ಬಲ ಕಳೆಯುತ್ತಿರುವ ಕಾಲಿಗೆ ತಡ ಮಾಡುವುದೇ ಹೆಚ್ಚು ಅಪಾಯ. ಗಾಯ ಎರಡು-ಮೂರು ಸೆಂ.ಮೀ., ಅದೇ ದಿನ ಅಥವಾ ಮರುದಿನ ನಡೆಸುತ್ತಾರೆ. ಸರಿಯಾಗಿ ಆಯ್ದವರಲ್ಲಿ ನೂರಕ್ಕೆ 80-90 ಮಂದಿಗೆ ಕಾಲುನೋವು ಇಳಿಯುತ್ತದೆ, ಸೊಂಟನೋವಿಗೆ ಅಷ್ಟು ಭರವಸೆ ಇಲ್ಲ. ಜೋಮು ತಿಂಗಳುಗಟ್ಟಲೆ ಉಳಿಯಬಹುದು. ನೂರರಲ್ಲಿ 5ರಿಂದ 15 ಮಂದಿಗೆ ಅದೇ ಡಿಸ್ಕ್ ಮತ್ತೆ ಹೊರಬರುತ್ತದೆ.

ಬಲ ಸರಿಯಿದ್ದು ನೋವು ಮಾತ್ರ ಇದ್ದರೆ ಇದು ಆಯ್ಕೆಯ ಆಪರೇಶನ್: ಮಾಡಿಸಿದವರು ಬೇಗ ಚೇತರಿಸುತ್ತಾರೆ, ಆದರೆ ಒಂದು ವರ್ಷದ ಹೊತ್ತಿಗೆ ಮಾಡಿಸದವರೂ ಹೆಚ್ಚುಕಡಿಮೆ ಅಲ್ಲಿಗೇ ತಲುಪುತ್ತಾರೆ. ದಿನಗೂಲಿಯವರಿಗೆ ಆ ‘ಬೇಗ’ ಎಂಬುದಕ್ಕೇ ಬೆಲೆ ಇರುತ್ತದೆ, ಅದನ್ನು ವೈದ್ಯರ ಮುಂದೆ ಹೇಳಿ. ಕೇವಲ ಡಿಸ್ಕ್ ಉಬ್ಬಿಗೆ ಸ್ಕ್ರೂ, ರಾಡ್ ಹಾಕೋಣ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಮಂಗಳೂರಿಗೆ ಹೋಗುವುದಾ, ಪರಿಯಾರಕ್ಕಾ?

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ಹತ್ತಿರ, ಕಾಞಂಗಾಡಿನಿಂದ ತೆಂಕಕ್ಕೆ ಪರಿಯಾರದ ಸರಕಾರಿ ಮೆಡಿಕಲ್ ಕಾಲೇಜು. ತುರ್ತಿನಲ್ಲಿ ಹೆಸರಿಗಿಂತ ಎರಡು ಪ್ರಶ್ನೆ ಮುಖ್ಯ, ಹೊರಡುವ ಮೊದಲೇ ಫೋನಿನಲ್ಲಿ ಕೇಳಿ: ಎಂ.ಆರ್.ಐ. ಈಗ ನಡೆಯುತ್ತದೆಯೇ, ಬೆನ್ನೆಲುಬಿನ ಅಥವಾ ನರದ ಸರ್ಜನ್ ಇದ್ದಾರೆಯೇ. ತುರ್ತಿಲ್ಲದಿದ್ದರೆ ಕೇರಳ ಸರಕಾರದ ಆರೋಗ್ಯ ಯೋಜನೆಯಾದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡ್ ಆ ಆಸ್ಪತ್ರೆಯಲ್ಲಿ, ಈ ಆಪರೇಶನ್‌ಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲು ಕೌಂಟರಿನಲ್ಲಿ ಖಚಿತಪಡಿಸಿಕೊಳ್ಳಿ. ಗಡಿ ದಾಟುವವರಿಗೆ ಇದು ಇನ್ನೂ ಮುಖ್ಯ. ರಿಪೋರ್ಟಿನ ಹಾಳೆ ಮಾತ್ರ ಸಾಲದು, ಎಂ.ಆರ್.ಐ. ಫಿಲ್ಮ್ ಅಥವಾ ಸಿ.ಡಿ., ತಿನ್ನುವ ಎಲ್ಲ ಮಾತ್ರೆಯ ಪಟ್ಟಿ ಒಯ್ಯಿರಿ. ಮಲಯಾಳಂ ಬಾರದ ಹಿರಿಯರನ್ನು ಒಬ್ಬರೇ ಕಳಿಸಬೇಡಿ. ಕಳಿಸಲೇಬೇಕಾದರೆ ‘ಕಾಲ್ ತರಿಕ್ಕುನ್ನು’ (ಕಾಲು ಜುಮುಗುಡುತ್ತಿದೆ), ‘ಮರವಿಪ್ಪ್’ (ಜೋಮು), ‘ಮೂತ್ರಂ ಪೋಗುನ್ನಿಲ್ಲ’ (ಮೂತ್ರ ಹೋಗುತ್ತಿಲ್ಲ) ಎಂಬಷ್ಟನ್ನು ಚೀಟಿಯಲ್ಲಿ ಬರೆದುಕೊಡಿ.

ಆಪರೇಶನ್ ಆದ ಮೇಲೆ ಮತ್ತೆ ಮರ ಹತ್ತಬಹುದಾ?

ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ಆರು ವಾರ, ಭಾರದ ಕೆಲಸಕ್ಕೆ ಎಂಟರಿಂದ ಹನ್ನೆರಡು. ಮರ ಹತ್ತುವುದಕ್ಕೆ ವಾರದ ಲೆಕ್ಕಕ್ಕಿಂತ ಕಾಲಿನ ಲೆಕ್ಕ ನೋಡಿ. ಒಂಟಿ ಕಾಲಿನ ತುದಿಬೆರಳಲ್ಲಿ ಎರಡೂ ಬದಿ ಸಮನಾಗಿ ಏಳಲು ಆಗಬೇಕು, ಪಾದದಡಿ ಜೋಮು ಇರಬಾರದು, ತೂಕಡಿಕೆಯ ಮಾತ್ರೆ ನಿಂತಿರಬೇಕು. ಪಾದದ ಸ್ಪರ್ಶ ಪೂರ್ತಿ ಮರಳದವರು ದೋಟಿಯಲ್ಲಿ ಕೊಯ್ಯಲಿ, ಹತ್ತುವುದು ಬೇಡ. ತಳೆ (ಮರ ಹತ್ತಲು ಪಾದಗಳಿಗೆ ಹಾಕುವ ಬಳೆ) ಕಟ್ಟಿದ ಕಾಲು ಜಾರುತ್ತಿರುವುದು ಅವರಿಗೆ ತಿಳಿಯುವುದಿಲ್ಲ.